ಮೂರು ಮೇಲೆಯೇ ಉಳಿಯುತ್ತದೆ

ಆ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದವರನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಮನೆಯಲ್ಲಿ ಹೆಂಡತಿಯೂ ಹಾಗೇ ಕರೆಯುತ್ತಿದ್ದರು. ಲಿಫ್ಟ್ ಹಳೆಯದು. ಮಡಚಿಕೊಳ್ಳುವ ಕಬ್ಬಿಣದ ಜಾಲರಿ ಬಾಗಿಲು, ಒಳಗೆ ಕೂರಲು ಒಂದು ಸ್ಟೂಲು, ಗೋಡೆಯಲ್ಲಿ ಹಿತ್ತಾಳೆಯ ಹಿಡಿ. ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಮೇಲೆ ಹೋಗುತ್ತದೆ, ಎಡಕ್ಕೆ ತಿರುಗಿಸಿದರೆ ಕೆಳಗೆ. ನಡುವೆ ತಂದು ಬಿಟ್ಟರೆ ನಿಲ್ಲುತ್ತದೆ. ಎಲ್ಲಿ ಬಿಡಬೇಕು ಎನ್ನುವುದನ್ನು ಹೇಳಿಕೊಡಲು ಬರುವುದಿಲ್ಲ, ಕೈಗೇ ಗೊತ್ತಾಗಬೇಕು. ತುಸು ತಡವಾದರೂ ಲಿಫ್ಟಿನ ನೆಲ ಮಹಡಿಯ ನೆಲಕ್ಕಿಂತ ಗೇಣು ಮೇಲೆ ನಿಂತು, ಇಳಿಯುವವರು ಮುಗ್ಗರಿಸುತ್ತಾರೆ. ಲಿಫ್ಟಣ್ಣ ಹಿಡಿ ಹಿಡಿದಿದ್ದಾಗ ಮುಗ್ಗರಿಸಿದವರು ಕಡಿಮೆ. ಕಟ್ಟಡಕ್ಕೆ ನೆಲದಡಿಯಲ್ಲೂ ಎರಡು ಅಂತಸ್ತುಗಳಿದ್ದವು. ಮೊದಲನೆಯದರಲ್ಲಿ ವಾಹನಗಳು, ಅದರ ಕೆಳಗಿನದರಲ್ಲಿ ಹಳೆಯ ಕಡತಗಳು. ಅಲ್ಲಿನ ಗೋಡೆಗಳ ಮೇಲೆ −1, −2 ಎಂದು ಬಣ್ಣದಲ್ಲಿ ಬರೆದಿತ್ತು.

ಒಂದು ದಿನ ಆ ಲಿಫ್ಟನ್ನು ತೆಗೆದು ಗುಂಡಿ ಒತ್ತುವ ಹೊಸ ಲಿಫ್ಟ್ ಹಾಕುವುದೆಂದು ತೀರ್ಮಾನವಾಯಿತು. ಗುಂಡಿ ಒತ್ತುವ ಲಿಫ್ಟಿಗೆ ನಡೆಸುವವರು ಬೇಡ. ಲಿಫ್ಟಣ್ಣನ ಮುಂದೆ ಎರಡು ದಾರಿಗಳನ್ನು ಇಟ್ಟರು. ಒಂದು, ಕಟ್ಟಡದ ಹಿಂದಿನ ಗೇಟಿನಲ್ಲಿ ನಿಂತು ಸೀಟಿ ಊದುತ್ತ ವಾಹನಗಳಿಗೆ ಜಾಗ ತೋರಿಸುವುದು. ಇನ್ನೊಂದು, ಲಿಫ್ಟ್ ರಿಪೇರಿ ವಿಭಾಗಕ್ಕೆ ಸೇರುವುದು. ಅದಕ್ಕೆ ಹತ್ತನೇ ತರಗತಿ ಮಟ್ಟದ ಗಣಿತ ಪರೀಕ್ಷೆ ಪಾಸಾಗಬೇಕು. ಲಿಫ್ಟಣ್ಣ ಎಂಟನೇ ತರಗತಿಗೇ ಶಾಲೆ ಬಿಟ್ಟವರು. ಆದರೂ ಗೇಟಿಗೆ ಹೋಗಲು ಅವರಿಗೆ ಮನಸ್ಸಿರಲಿಲ್ಲ. ಲಿಫ್ಟ್ ಬಿಟ್ಟು ಬೇರೆ ಕೆಲಸ ಬರುವುದಿಲ್ಲ ಎಂದಲ್ಲ, ಬೇರೆ ಕೆಲಸ ಬೇಡ ಎಂದು.

ರಿಪೇರಿ ವಿಭಾಗದ ಮೇಸ್ತ್ರಿ ಅವರ ಲಿಫ್ಟಿನಲ್ಲೇ ಓಡಾಡುತ್ತಿದ್ದರು. ಲಿಫ್ಟಣ್ಣ ಅವರನ್ನೇ ಕೇಳಿದರು.

"ಪರೀಕ್ಷೇಲಿ ಏನೇನು ಬರುತ್ತೆ ಮೇಸ್ತ್ರೀ?"

"ಘಾತಾಂಕ ಬರುತ್ತೆ. ಅದೇ, ಅಂಕಿ ತಲೆ ಪಕ್ಕ ಚಿಕ್ಕದಾಗಿ ಇನ್ನೊಂದು ಅಂಕಿ ಕೂತಿರುತ್ತಲ್ಲ, ಅದು. ಅದಕ್ಕೆ ಮೈನಸ್ ಹಾಕಿ ಕೊಡ್ತಾರೆ, ಅರ್ಧ, ಮುಕ್ಕಾಲು ಹಾಕಿ ಕೊಡ್ತಾರೆ. ಸುಲಭ ರೂಪಕ್ಕೆ ತನ್ನಿ ಅಂತಾರೆ."

"ಗ್ರೀಸ್ ಹಚ್ಚೋಕೆ ಅದ್ಯಾಕೆ?"

"ನಂಗೂ ಗೊತ್ತಿಲ್ಲಪ್ಪ. ನಾನೂ ಬರೆದೇ ಬಂದೋನು. ಬಂದ ಮೇಲೆ ಗ್ರೀಸೇ ಹಚ್ತಾ ಇದೀನಿ."

ಲಿಫ್ಟಣ್ಣನ ಮಗಳು ಆಗ ಹತ್ತನೇ ತರಗತಿಯಲ್ಲಿದ್ದಳು. ಪಾಠ ಹೇಳಿಕೊಡಲು ಅವಳು ಒಪ್ಪಿದಳು. ಮನೆಯಲ್ಲಿ ಬರೆಯಲು ಹದವಾದ ಜಾಗವೆಂದರೆ ಹೆಂಡತಿಯ ಬಟ್ಟೆ ಕತ್ತರಿಸುವ ಮೇಜು ಒಂದೇ. ಅವರು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದರು. ಸಂಜೆ ಮೇಜು ಖಾಲಿಯಾದ ಮೇಲೆ ಅಪ್ಪ ಮಗಳು ಅದರ ಎರಡು ಬದಿಯಲ್ಲಿ ಕೂತು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಹಲಗೆಯ ಮೇಲೇ ಬರೆಯುತ್ತಿದ್ದರು. ತಪ್ಪಾದರೆ ಬಟ್ಟೆಯ ತುಂಡಿನಿಂದ ಒರೆಸುತ್ತಿದ್ದರು.

"ರೀ, ಗಿರಾಕಿ ಅಂಗಿಗೆ ನಿಮ್ಮ ಎಕ್ಸ್ ಅಂಟಿಕೊಂಡಿದೆ," ಎಂದು ಹೆಂಡತಿ ಅಂಗಿಯ ಬೆನ್ನು ಎತ್ತಿ ತೋರಿಸಿದರು. "ಅದಕ್ಕೂ ಒಂದು ಕಾಜಾ ಹೊಲೀಲಾ?"

ಭಿನ್ನರಾಶಿಯ ಘಾತ ಲಿಫ್ಟಣ್ಣನಿಗೆ ಬೇಗ ಹಿಡಿಯಿತು. ಮೊದಲ ಸಲ ಮಾತ್ರ ತಪ್ಪಿದರು.

"ಹದಿನಾರರ ಹೆಗಲ ಮೇಲೆ ಅರ್ಧ ಕೂತಿದೆ. ಎಷ್ಟು?" ಎಂದು ಮಗಳು ಕೇಳಿದಳು.

"ಎಂಟು."

"ಎಂಟಂತೆ! ಹಣ್ಣು ಕುಯ್ದ ಹಾಗೆ ಕುಯ್ಯೋದಲ್ಲಪ್ಪ. ಒಂದು ಮಹಡಿ ಹತ್ತೋದು ಅಂದ್ರೆ ಹದಿನಾರರಿಂದ ಗುಣಿಸೋದು ಅಂದ್ಕೋ. ಒಂದರಿಂದ ಹೊರಟ್ರೆ ಹದಿನಾರಕ್ಕೆ ಬರ್ತೀಯ. ಈಗ ಅರ್ಧ ಮಹಡಿ ಹತ್ತಬೇಕು. ಅಂಥ ಅರ್ಧ ಎರಡು ಸಲ ಹತ್ತಿದ್ರೆ ಒಂದು ಮಹಡಿ ಆಗ್ಬೇಕೋ ಬೇಡ್ವೋ?"

"ಆಗ್ಲೇಬೇಕು."

"ಎಂಟರಿಂದ ಎರಡು ಸಲ ಗುಣಿಸು."

"ಎಂಟೆಂಟ್ಲ ಅರವತ್ತನಾಲ್ಕು. ಮಹಡಿ ದಾಟಿ ಹೋಯ್ತಲ್ಲ!" ಲಿಫ್ಟಣ್ಣನ ಕೈ ತಾನಾಗಿ ಹಿಡಿ ತಿರುಗಿಸುವಂತೆ ಆಡಿತು. "ನಾಲ್ಕು. ನಾಲ್ಕ್ನಾಲ್ಕ್ಲ ಹದಿನಾರು."

ಅರ್ಧ ಘಾತ ಎಂದರೆ ವರ್ಗಮೂಲ ಎಂದು ಅವಳು ಆಮೇಲೆ ಹೆಸರು ಹೇಳಿದಳು. ಎರಡು ಮಹಡಿಗಳ ನಡುವೆಯೂ ಬೇಕಾದಲ್ಲಿ ಲಿಫ್ಟ್ ನಿಲ್ಲಿಸಬಲ್ಲವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಮೂರನೇ ಒಂದು ಘಾತವನ್ನು ಅವರು ತಾವೇ ಊಹಿಸಿದರು: ಮೂರು ಸಲ ಹತ್ತಿದರೆ ಒಂದು ಮಹಡಿ. ಇಪ್ಪತ್ತೇಳಕ್ಕೆ ಅದು ಮೂರು, ಎಂಟಕ್ಕೆ ಎರಡು.

ಋಣ ಘಾತವೂ ಮೊದಲಿಗೆ ತೊಂದರೆ ಕೊಡಲಿಲ್ಲ. ಘಾತ ಮೈನಸ್ ಆದರೆ ಪದ ಗೆರೆಯ ಕೆಳಗೆ, ಅಂದರೆ ಛೇದಕ್ಕೆ ಇಳಿಯುತ್ತದೆ. ಇಳಿದ ಮೇಲೆ ಮೈನಸ್ ಇರುವುದಿಲ್ಲ. x⁻² ಎಂದರೆ 1/x². ನೆಲದಡಿಯ ಅಂತಸ್ತು ಎಂದು ಮಗಳು ಹೇಳಿದಳು, ಅವರು ತಲೆಯಾಡಿಸಿದರು. ತೊಡಕು ಬಂದದ್ದು ಅದರ ಮುಂದಿನ ಲೆಕ್ಕದಲ್ಲಿ. ಮಗಳು 3x⁻² ಎಂದು ಬರೆದಳು. ಲಿಫ್ಟಣ್ಣ ಯೋಚಿಸದೆ 1/(3x²) ಎಂದು ಬರೆದರು.

"ಮೂರ್ಯಾಕೆ ಕೆಳಗೆ ಹೋಯ್ತು?"

"ಎಕ್ಸ್ ಜೊತೆ ಇತ್ತಲ್ಲ."

"ಇದ್ರೆ?"

"ಲಿಫ್ಟ್ ಇಳಿದ್ರೆ ಒಳಗಿರೋರೆಲ್ಲ ಇಳೀತಾರೆ. ಒಬ್ಬನ್ನ ಗಾಳೀಲಿ ಬಿಟ್ಟು ಹೋಗೋಕಾಗುತ್ತಾ?"

"ಅಯ್ಯೋ, ಇದು ಲಿಫ್ಟಲ್ಲಪ್ಪ!"

"ನೀನೇ ತಾನೇ ಈಗಷ್ಟೇ ನೆಲದಡಿ ಅಂತಸ್ತು ಅಂದಿದ್ದು?"

ಮೈನಸ್ ಯಾರ ಹೆಗಲ ಮೇಲೆ ಕೂತಿದೆಯೋ ಅವರು ಮಾತ್ರ ಇಳಿಯಬೇಕು ಎಂದು ಮಗಳು ನಿಯಮ ಹೇಳಿದಳು. ಲಿಫ್ಟಣ್ಣ ಅದನ್ನು ತಪ್ಪಿಲ್ಲದೆ ಒಪ್ಪಿಸಿದರು. ಮುಂದಿನ ಲೆಕ್ಕ 5a⁻¹. ಅದಕ್ಕೆ 1/(5a) ಎಂದು ಬರೆದರು. ಮರುದಿನವೂ ಹಾಗೇ ಆಯಿತು. ಕೇಳಿದರೆ ನಿಯಮ ಹೇಳುತ್ತಿದ್ದರು, ಸೀಮೆಸುಣ್ಣ ಹಿಡಿದರೆ ಎಲ್ಲರನ್ನೂ ಇಳಿಸಿಬಿಡುತ್ತಿದ್ದರು. ಇಷ್ಟು ವರ್ಷ ಒಬ್ಬರನ್ನೂ ಬಿಟ್ಟು ಹೋಗದ ಕೈ ಅದು. ಪರೀಕ್ಷೆ ಹತ್ತಿರ ಬರುತ್ತಿತ್ತು. ಒಂದು ಸಂಜೆ ಮಗಳ ತಾಳ್ಮೆ ಕೆಟ್ಟಿತು.

"ತಲೇಲಿ ಏನಿದೆ ನಿಂಗೆ? ಗ್ರೀಸಾ?"

ಲಿಫ್ಟಣ್ಣ ಮೇಜನ್ನು ಮೂಲೆಯಿಂದ ಮೂಲೆಗೆ ಒರೆಸಿದರು. ಬಟ್ಟೆಯ ತುಂಡನ್ನು ಕೊಡವಿ ಇಟ್ಟರು. "ಗೇಟ್ ಕೆಲಸಾನೂ ಕೆಲಸಾನೇ," ಎಂದರು.

ಹೊಲಿಗೆ ಯಂತ್ರ ನಿಂತಿತು. "ನಿನ್ನ ಬಾಯಿಗೆ ಒಂದು ಹೊಲಿಗೆ ಹಾಕ್ಬೇಕು ಕಣೇ," ಎಂದು ತಾಯಿ ಮಗಳಿಗೆ ಅಂದರು. ಆಮೇಲೆ ಗಂಡನ ಕಡೆ ತಿರುಗಿದರು. "ನೀವೂ ಅಷ್ಟೇ. ಅವಳು ಅಂದ್ಲು ಅಂತ ಗೇಟಿಗೆ ಹೋಗ್ತೀರಾ? ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀರಿ. ಸೀಟಿ ಊದೋಕೆ ಉಸಿರು ಎಲ್ಲಿಂದ ತರ್ತೀರಿ?"

ಯಾರೂ ನಗಲಿಲ್ಲ. ಆ ದಿನ ಪಾಠ ಅಲ್ಲಿಗೆ ನಿಂತಿತು.

ಮರುದಿನ ಮಗಳು ಶಾಲೆಯಿಂದ ಬಂದವಳೇ ಮೇಜಿನ ಮುಂದೆ ಕೂತಳು. ಈ ಸಲ ನಿಯಮ ಹೇಳಲಿಲ್ಲ. x ಇದ್ದ ಕಡೆ 2 ಹಾಕಿ, ಒಂದರ ಕೆಳಗೊಂದು ಬರೆದಳು: 3×2² ಎಂದರೆ 12, 3×2¹ ಎಂದರೆ 6, 3×2⁰ ಎಂದರೆ 3. ಅದರ ಕೆಳಗೆ ಜಾಗ ಬಿಟ್ಟಳು.

"ಮೇಲಿಂದ ಇಳಿದು ಬಾ. ಪ್ರತಿ ಮಹಡಿಗೂ ಏನಾಗ್ತಿದೆ?"

"ಅರ್ಧ ಆಗ್ತಿದೆ. ಹನ್ನೆರಡು, ಆರು, ಮೂರು."

"ಈಗ ನೆಲದಲ್ಲಿದೀಯ. ಇನ್ನೊಂದು ಇಳಿ."

"ಒಂದೂವರೆ."

"ಇನ್ನೊಂದು."

"ಮುಕ್ಕಾಲು."

"ಇದೇ ಮೈನಸ್ ಎರಡು. ಮುಕ್ಕಾಲನ್ನ ಬರಿ."

ಅವರು 3/4 ಎಂದು ಬರೆದರು.

"ಮೂರೆಲ್ಲಿದೆ?"

"ಮೇಲಿದೆ."

"ನೀನು ನಿನ್ನೆ ಮಾಡಿದ ಹಾಗೆ ಮೂರನ್ನೂ ಇಳಿಸಿದ್ರೆ ಎಷ್ಟಾಗ್ತಿತ್ತು?"

ಲಿಫ್ಟಣ್ಣ ಪಕ್ಕದಲ್ಲಿ ಬರೆದು ನೋಡಿದರು. ಹನ್ನೆರಡರಲ್ಲಿ ಒಂದು. ಮತ್ತೆ ಸಾಲನ್ನು ಮೇಲಿಂದ ಬೆರಳಿಟ್ಟು ನೋಡುತ್ತ ಬಂದರು. ಮೂರರಿಂದ ಎರಡು ಸಲ ಅರ್ಧ ಮಾಡಿದರೆ ಅಷ್ಟು ಕೆಳಗೆ ಹೋಗುವುದು ಸಾಧ್ಯವೇ ಇರಲಿಲ್ಲ.

"ಅಷ್ಟು ಆಳ ಇಲ್ಲ," ಎಂದರು. ಆಮೇಲೆ, "ಹಾಗಾದ್ರೆ ಮೂರು ಲಿಫ್ಟ್ ಒಳಗೆ ಇರ್ಲೇ ಇಲ್ಲ," ಎಂದರು.

"ಇರ್ಲಿಲ್ಲ. ಹೊರಗೆ ನಿಂತಿತ್ತು."

"ಒಳಗಿದ್ದಿದ್ರೆ?"

ಮಗಳು ಆವರಣ ಹಾಕಿ (3x)⁻² ಎಂದು ಬರೆದಳು. "ನೋಡು, ಈ ಕಡೆ ಒಂದು, ಆ ಕಡೆ ಒಂದು. ಬಾಗಿಲು ಹಾಕಿದೆ. ಈಗ ಇಬ್ರೂ ಇಳೀತಾರೆ. ಒಂಬತ್ತು ಎಕ್ಸ್ ಸ್ಕ್ವೇರ್, ಅದರ ಮೇಲೆ ಒಂದು."

"ಮೂರು ಹೋಗಿ ಒಂಬತ್ತು ಯಾಕಾಯ್ತು?"

"ಎಕ್ಸ್ ಎರಡು ಮಹಡಿ ಇಳಿದ್ರೆ ಮೂರೂ ಎರಡು ಇಳೀಬೇಕಲ್ಲ. ಮೂರ್ಮೂರ್ಲ ಒಂಬತ್ತು."

"ಸರಿ. ಇದನ್ನ ಮೊದಲೇ ಹೇಳೋಕೇನಾಗಿತ್ತು?"

"ಮೊದಲು ನಂಗೂ ಹೊಳೆದಿರ್ಲಿಲ್ಲ," ಎಂದಳು ಮಗಳು.

ಅಂದಿನಿಂದ ಲಿಫ್ಟಣ್ಣ ಲೆಕ್ಕ ಕೊಟ್ಟ ಕೂಡಲೇ ಮೊದಲು ಬಾಗಿಲು ಹುಡುಕುತ್ತಿದ್ದರು. ಉತ್ತರ ಬಂದ ಮೇಲೆ ಅಕ್ಷರದ ಜಾಗಕ್ಕೆ 2 ಹಾಕಿ ಸರಿಯೇ ಎಂದು ನೋಡುತ್ತಿದ್ದರು. ಇದರಿಂದ ಅವರು ತುಂಬ ನಿಧಾನವಾದರು. ಮಗಳು ಹತ್ತು ಲೆಕ್ಕ ಮುಗಿಸುವಷ್ಟರಲ್ಲಿ ಅವರದು ಮೂರು ಆಗುತ್ತಿತ್ತು. ಅವುಗಳಲ್ಲೂ ಒಂದೊಂದು ಸಲ ಹಳೆಯ ತಪ್ಪು ನುಸುಳುತ್ತಿತ್ತು, ಆದರೆ ಈಗ ಅವರೇ ಅದನ್ನು ಹಿಡಿಯುತ್ತಿದ್ದರು.

ಪರೀಕ್ಷೆ ನಡೆದದ್ದು ಕಚೇರಿಯ ಊಟದ ಕೋಣೆಯಲ್ಲಿ. ಉದ್ದ ಮೇಜುಗಳನ್ನು ಗೋಡೆಗೆ ಸರಿಸಿ ಬಿಡಿ ಕುರ್ಚಿಗಳನ್ನು ಹಾಕಿದ್ದರು. ಪಾಸಾಗಲು ಎಷ್ಟು ಬೇಕೋ ಹೆಚ್ಚುಕಡಿಮೆ ಅಷ್ಟನ್ನು ಬರೆದು, ಲಿಫ್ಟಣ್ಣ ಕೊನೆಯ ಪ್ರಶ್ನೆಗೆ ಬಂದರು. ಆವರಣದೊಳಗೆ 9a⁻⁴, ಆವರಣದ ಹೆಗಲ ಮೇಲೆ ಅರ್ಧ, ಎಲ್ಲಕ್ಕೂ ಮುಂದೆ 5. ಉತ್ತರದಲ್ಲಿ ಋಣ ಘಾತ ಉಳಿಯಬಾರದು.

ನಡೆದದ್ದನ್ನು ಅವರು ಸಂಜೆ ಮನೆಯಲ್ಲಿ ಹೇಳಿದರು.

"ಅರ್ಧ ಅಂದ್ರೆ ಒಂಬತ್ತು ಮೂರಾಯ್ತು, ಮೈನಸ್ ನಾಲ್ಕು ಮೈನಸ್ ಎರಡಾಯ್ತು. ಐದ್ಮೂರ್ಲ ಹದಿನೈದು. ಆಮೇಲೆ ಎಲ್ಲರನ್ನೂ ಇಳಿಸಿಬಿಟ್ಟೆ."

"ಅಪ್ಪಾ!" ಮಗಳು ಕೈ ತಲೆಗಿಟ್ಟಳು.

"ಇರೇ. ಎರಡು ಹಾಕಿ ನೋಡ್ದೆ. ಪ್ರಶ್ನೇಲಿ ಹಾಕಿದ್ರೆ ಹದಿನೈದು ಬೈ ನಾಲ್ಕು ಬಂತು. ನನ್ನ ಉತ್ತರದಲ್ಲಿ ಹಾಕಿದ್ರೆ ಅರವತ್ತರಲ್ಲಿ ಒಂದು. ಹೊಡೆದು ಹಾಕ್ದೆ. ಅಷ್ಟರಲ್ಲಿ ಗಂಟೆ ಆಯ್ತು, ಸಾಹೇಬರು ಬಂದು ಹಾಳೆ ಎಳೆದ್ರು. ನಾನು ಬಿಡ್ಲಿಲ್ಲ. 'ಒಂದು ನಿಮಿಷ ಸಾರ್, ಹದಿನೈದನ್ನ ಮೇಲೆ ಹತ್ತಿಸಿ ಕೊಟ್ಬಿಡ್ತೀನಿ' ಅಂದೆ."

"ಏನಂದ್ರು?" ಎಂದರು ಹೆಂಡತಿ.

"ಏನನ್ಲಿಲ್ಲ. ನನ್ನ ಮುಖ ನೋಡಿದ್ರು. ಅಷ್ಟರಲ್ಲಿ ಹತ್ತಿಸ್ದೆ."

"ಹದಿನೈದು ಮೇಲೆ, ಎ ಸ್ಕ್ವೇರ್ ಕೆಳಗೆ?" ಎಂದು ಮಗಳು ಮತ್ತೆ ಕೇಳಿದಳು.

"ಹೂಂ. ಅದೇ."

ಮೂರು ವಾರದ ಮೇಲೆ ಮೇಸ್ತ್ರಿ ನೆಲಮಹಡಿಯಲ್ಲಿ ಲಿಫ್ಟ್ ಹತ್ತಿದರು. ಬೇರೆ ಯಾರೂ ಇರಲಿಲ್ಲ. "ಅಂಕ ಎಷ್ಟು ಅಂತ ಕೇಳ್ಬೇಡಿ," ಎಂದರು. "ಹೇಳಿದ್ರೆ ನಿಮಗೆ ನಾಚಿಕೆ, ನನಗೆ ನಗು. ಪಾಸು ಅಷ್ಟೇ. ಕೊನೇ ಲೆಕ್ಕ ಇಲ್ದಿದ್ರೆ ಗೇಟೇ ಗತಿಯಾಗಿತ್ತು. ತಿಂಗಳ ಮೊದಲನೇ ತಾರೀಕು ಬಂದುಬಿಡಿ."

ಲಿಫ್ಟಣ್ಣ ಜಾಲರಿ ಎಳೆದು ಅವರನ್ನು ಮೇಲೆ ಕರೆದುಕೊಂಡು ಹೋದರು. ಯಾವ ಮಹಡಿ ಎಂದು ಕೇಳಿದ್ದು ಲಿಫ್ಟ್ ಹೊರಟ ಮೇಲೆ.

ರಿಪೇರಿ ವಿಭಾಗದಲ್ಲಿ ಅವರಿಗೆ ಕೊಟ್ಟ ಮೊದಲ ಕೆಲಸ ಬೇರೊಂದು ಕಟ್ಟಡದ ಹೊಸ ಲಿಫ್ಟಿನದು. ಮಾಳಿಗೆಯ ಮೇಲಿನ ಮೋಟಾರು ಕೋಣೆಯಲ್ಲಿ ನಿಂತು, ಲಿಫ್ಟ್ ಒಂದೊಂದು ಮಹಡಿಗೆ ಸಮನಾಗಿ ನಿಂತಾಗ ಉಕ್ಕಿನ ಹಗ್ಗದ ಮೇಲೆ ಬಣ್ಣದಿಂದ ಗುರುತು ಹಾಕಬೇಕು. ಕರೆಂಟು ಹೋಗಿ ಲಿಫ್ಟ್ ನಡುವೆ ಸಿಕ್ಕಿಕೊಂಡರೆ, ಆ ಗುರುತು ನೋಡಿಕೊಂಡೇ ಕೈಯಿಂದ ತಿರುಗಿಸಿ ಜನರನ್ನು ಇಳಿಸುವುದು. ಕೆಳಗಿನಿಂದ ಮೇಸ್ತ್ರಿ ಕೂಗಿ ಹೇಳುತ್ತಿದ್ದರು, ಮೇಲಿಂದ ಲಿಫ್ಟಣ್ಣ ಬಣ್ಣ ಹಚ್ಚುತ್ತಿದ್ದರು. ಎರಡು ಮಹಡಿಗಳಲ್ಲಿ ಸಮ ಬಂದಿಲ್ಲವೆಂದು ಒರೆಸಿ ಮತ್ತೆ ಹಚ್ಚಿದರು.

ಸಂಜೆ ಮನೆಗೆ ಬಂದಾಗ ಅಂಗಿಯ ತೋಳಿಗೆ ಮೊಣಕೈವರೆಗೂ ಹಳದಿ ಬಣ್ಣ ಮೆತ್ತಿತ್ತು. ಹೆಂಡತಿ ತೋಳನ್ನು ದೀಪದ ಬೆಳಕಿಗೆ ಹಿಡಿದು ಉಗುರಿನಿಂದ ಕೆರೆದು ನೋಡಿದರು.

"ಇದು ಒಗೆದ್ರೂ ಹೋಗಲ್ಲ ರೀ."

"ಇರ್ಲಿ ಬಿಡು. ನಾಳೆನೂ ಅದೇ ಕೆಲಸ," ಎಂದು ಲಿಫ್ಟಣ್ಣ ಕೈ ತೊಳೆಯಲು ಒಳಗೆ ಹೋದರು.