ತೆಲಿಗಿಯಲ್ಲಿ ರೇಡಿಯೋ ಇಲ್ಲ

ಹರಪನಹಳ್ಳಿ ಬಸ್ ನಿಲ್ದಾಣದ ಎದುರು ಸಾಲಿನಲ್ಲಿದ್ದ ನೂರಸಾಬನ ರೇಡಿಯೋ ಅಂಗಡಿ ಎಷ್ಟು ಸಣ್ಣದೆಂದರೆ, ಅವನು ಕೂತರೆ ಗಿರಾಕಿ ನಿಲ್ಲಬೇಕು, ಗಿರಾಕಿ ಕೂತರೆ ಅವನು ನಿಲ್ಲಬೇಕು. ಮೂರು ಗೋಡೆಗೂ ರೇಡಿಯೋ. ಹೊಟ್ಟೆ ಬಗೆದವು ಒಂದು ಕಡೆ, ವಾಸಿಯಾಗಿ ಮನೆಗೆ ಹೋಗಲು ಕಾದವು ಇನ್ನೊಂದು ಕಡೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಹೊಸಪೇಟೆಯ ಒಬ್ಬ ಮುದುಕ ಮೆಕ್ಯಾನಿಕ್ಕಿನ ಹತ್ತಿರ ಏಳು ವರ್ಷ ಬೈಗುಳ ತಿಂದು ಬೆಸುಗೆ ಕಲಿತವನು ನೂರಸಾಬ. ಓದು ಕಡಿಮೆ, ಸಿಟ್ಟು ಜಾಸ್ತಿ, ಕಿವಿ ಮಾತ್ರ ಹಾವಿನದು. ಯಾರೋ ಬಸ್ಸಿಳಿದು ರೇಡಿಯೋ ಹಚ್ಚಿಕೊಂಡು ಅಂಗಡಿಗೆ ಬರುವಷ್ಟರಲ್ಲಿ, ಒಳಗೆ ಏನು ಸತ್ತಿದೆ, ಏನು ಸಾಯಲಿಕ್ಕಿದೆ ಎಂದು ಕೂತಲ್ಲಿಂದಲೇ ಹೇಳಿಬಿಡುತ್ತಿದ್ದ.

ಸಾವಿರದ ಒಂಬೈನೂರ ತೊಂಬತ್ತೇಳರ ಶ್ರಾವಣದಲ್ಲಿ ಒಬ್ಬ ಹೆಣ್ಣುಮಗಳು ಕೈಯಲ್ಲಿ ಟೇಪ್ ರೆಕಾರ್ಡರ್ ಹಿಡಿದು ಬಂದಳು. ನಲವತ್ತರ ವಯಸ್ಸು, ಹತ್ತಿ ಸೀರೆ, ಕಾಲತುಂಬ ಕೆಂಪು ಧೂಳು. ಹೆಸರು ನಾಗರತ್ನ, ವಿಶ್ವವಿದ್ಯಾಲಯದಲ್ಲಿ ಸಂವಹನ ಮತ್ತು ಮಾಹಿತಿ ವಿಭಾಗದ ಅಧ್ಯಾಪಕಿ. ಟೇಪು ತಿರುಗುತ್ತಿಲ್ಲ, ಮಧ್ಯಾಹ್ನದೊಳಗೆ ಆಗಬೇಕು ಎಂದಳು. ಬೆಲ್ಟ್ ಹರಿದಿದೆ, ಅರ್ಧ ಗಂಟೆ ಕೂಡ್ರಿ ಎಂದು ನೂರಸಾಬ ಎದ್ದು ನಿಂತ.

ಕೂತವಳು ಸುಮ್ಮನಿರಲಿಲ್ಲ. ಹಳ್ಳಿಗೆ ಸುದ್ದಿ ಹೇಗೆ ಮುಟ್ಟುತ್ತದೆ ಎಂಬುದೇ ಅವರ ವಿಭಾಗದ ಅಭ್ಯಾಸದ ವಿಷಯವಂತೆ. ಹಿಂದೆ ಕೂಡ್ಲಿಗಿ ಕಡೆ ಪೋಲಿಯೋ ಹನಿಯ ವಿಷಯ ವಿಚಾರಿಸಿ, ಗೋಡೆಯ ಚೀಟಿ ಓದಿ ಮಗುವನ್ನು ತಂದವರಿಗಿಂತ ಬಳೆಗಾರ್ತಿ ಹೇಳಿದ್ದಕ್ಕೆ ತಂದವರೇ ಹೆಚ್ಚು ಎಂದು ಲೆಕ್ಕ ಸಮೇತ ತೋರಿಸಿದ್ದರಂತೆ. ಆಮೇಲೆ ಆರೋಗ್ಯದವರು ಬಳೆಗಾರ್ತಿಯರನ್ನೇ ಕರೆದು ಕೂರಿಸಿಕೊಂಡು ಮಾತಾಡಿದರಂತೆ. ನೂರಸಾಬನಿಗೆ ಇದು ಬಹಳ ಸೇರಿತು. ಇಂಥ ಮಾತು ವಿಶ್ವವಿದ್ಯಾಲಯದಿಂದ ಬರುತ್ತದೆಂದು ಅವನು ಎಣಿಸಿರಲಿಲ್ಲ.

ಈ ಸಲದ ಅಭ್ಯಾಸ ರೇಡಿಯೋದ್ದು. ಬಾನುಲಿ ಕೇಂದ್ರದವರು ಸಂಜೆಯ ರೈತರ ಕಾರ್ಯಕ್ರಮ ಇಡಬೇಕೋ ತೆಗೆಯಬೇಕೋ ಎಂದು ಇವರನ್ನು ಕೇಳಿದ್ದಾರೆ. ವಿದ್ಯಾರ್ಥಿಗಳು ಹಾಳೆ ಹಿಡಿದು ತೆಲಿಗಿ, ಚಿಗಟೇರಿ, ಹಿರೇಹಡಗಲಿ ಮೂರೂ ಕಡೆ ಮನೆಮನೆ ಹೊಕ್ಕು ಬಂದಿದ್ದಾರೆ. ತೆಲಿಗಿಯಲ್ಲಿ ನೂರಿಪ್ಪತ್ತು ಮನೆ ಕೇಳಿದರೆ ರೇಡಿಯೋ ಸಿಕ್ಕಿದ್ದು ಏಳು.

“ಎಷ್ಟು?” ಎಂದ ನೂರಸಾಬ.

“ಏಳು. ನಂಗೂ ಬೇಜಾರಾಯ್ತು. ಆದ್ರೆ ಇಲ್ಲದ್ದನ್ನ ಇದೆ ಅಂತ ಬರೆಯೋಕಾಗಲ್ಲ. ತಿಂಗಳ ಕೊನೆಗೆ ವರದಿ ಕೊಡ್ತೀವಿ, ಕಾರ್ಯಕ್ರಮ ನಿಲ್ತದೆ.”

ನೂರಸಾಬ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. ಆ ವರ್ಷ ತೆಲಿಗಿಯಿಂದ ಬಂದ ನಲವತ್ತಕ್ಕಿಂತ ಹೆಚ್ಚು ರೇಡಿಯೋಗಳನ್ನು ಅವನೇ ಬಿಚ್ಚಿದ್ದ. ಪೇಟೆಯಲ್ಲಿ ಎಲ್ಲರ ಮನೆಗೂ ಟೀವಿ ಬಂದಿತ್ತು. ಅಂಗಡಿ ಉಸಿರಾಡುತ್ತಿದ್ದುದೇ ಹಳ್ಳಿಯವರ ರೇಡಿಯೋಗಳಿಂದ, ಹಳ್ಳಿಯವರು ಅದನ್ನು ಹಚ್ಚುತ್ತಿದ್ದುದೇ ಆ ಸಂಜೆಯ ಕಾರ್ಯಕ್ರಮಕ್ಕೆ. ಮಳೆ ಎಲ್ಲಿ ಬಿತ್ತು, ಶೇಂಗಾಕ್ಕೆ ಯಾವ ಹುಳ ಬಂತು, ಎಲ್ಲ ಅದರಲ್ಲಿ. ಅದು ನಿಂತರೆ ರೇಡಿಯೋ ಅಟ್ಟ ಸೇರುತ್ತದೆ, ಅಂಗಡಿಯ ಬಾಗಿಲು ಎಳೆಯುವುದೇ.

ಸಿಟ್ಟು ನೆತ್ತಿಗೇರಿತು. ಆದರೆ ಬಾಯಿ ಬಿಡುವ ಮೊದಲು ಬೆಲ್ಟ್ ಕೂತಿತ್ತು. ನೋಡೋಣ ಎಂದು ಗುಂಡಿ ಒತ್ತಿದ. ತೆಲಿಗಿಯ ಎರ್ರೆಪ್ಪನ ದನಿ ಬಂತು. ಎರ್ರೆಪ್ಪ ಐದೆಕರೆ ಒಣಬೇಸಾಯದವನು, ನೂರಸಾಬನಿಗೆ ಹಳೆಯ ಗೆಳೆಯ. “ರೇಡಿಯೋ ಎಲ್ಲಿದು ತಗೀರಿ. ನಮ್ಮಂಥವ್ರ ಮನ್ಯಾಗ ರೇಡಿಯೋ ಇರ್ತಾವೇನ್ರಿ? ಕಾಗಿ ಕೂಗಿದ್ರ ಬೆಳಗಾತು ಅಂತೀವಿ.” ಆಮೇಲೆ ಒಂದು ಕೆಮ್ಮು.

ನೂರಸಾಬ ಟೇಪನ್ನು ಹಿಂದೆ ತಿರುಗಿಸಿ ಮತ್ತೆ ಹಚ್ಚಿದ. ಮೂರನೇ ಸಲ ನಗತೊಡಗಿದ. ಕೆಮ್ಮಿದ ಮೇಲೆ ಎರ್ರೆಪ್ಪನ ಮಾತು ಬಿಡಿ, ಅವನ ಹಿಂದೆ ಕೇಳಿ ಎಂದು ನಾಗರತ್ನಳಿಗೆ ಹೇಳಿದ. ಆಕೆ ಕಿವಿ ಹಚ್ಚಿ ಕೂತಳು. ಮೊದಲು ಏನೂ ಇಲ್ಲ. ಆಮೇಲೆ, ಬಲುದೂರದಲ್ಲಿ ಜೇನು ಎದ್ದ ಹಾಗೆ ಗುಂಯ್ ಎನ್ನುವ ಒಂದು ಹಾಡು.

“ಒಳಗಿನ ಕ್ವಾಣ್ಯಾಗ ಹಾಡಕತ್ತೈತಿ ನೋಡ್ರಿ. ಸಣ್ಣಗ ಮಾಡ್ಯಾನ, ಬಂದ್ ಮಾಡಿಲ್ಲ. ಆ ಗುಂಯ್ ಅನ್ನದು ಸ್ಪೀಕರಿನ ಕಾಗದ ಹರಿದಿದ್ದಕ್ಕ. ನಾನೇ ತ್ಯಾಪಿ ಹಚ್ಚೀನಿ, ನಂಗ ಗೊತ್ತಿಲ್ಲೇನು?”

ನಾಗರತ್ನ ನಗಲಿಲ್ಲ. ಅವಳ ಮುಖ ಸಪ್ಪಗಾಯಿತು. ಮೂರು ಊರು, ಎರಡು ವರ್ಷದ ಕೆಲಸ. ಎಲ್ಲ ಸುಳ್ಳೇ? ಸುಳ್ಳು ಯಾಕೆ ಹೇಳಿದರು?

ಯಾಕೆಂದು ನೂರಸಾಬನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ರೇಡಿಯೋ ಇಟ್ಟವರು ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟಬೇಕಿತ್ತು. ಕಟ್ಟದವರನ್ನು ಹಿಡಿಯಲು ಕೈಯಲ್ಲಿ ಹಾಳೆ, ಕಿಸೆಯಲ್ಲಿ ಪೆನ್ನು ಇಟ್ಟುಕೊಂಡ ಇನ್ಸ್‌ಪೆಕ್ಟರು ಬರುತ್ತಿದ್ದರು. ಅವರು ಪೇಟೆಗೆ ಬಂದಿಳಿದ ಸುದ್ದಿ ಸಿಕ್ಕ ಕೂಡಲೆ ನೂರಸಾಬ ತೆಲಿಗಿ ಬಸ್ಸಿನ ಕಂಡಕ್ಟರನ ಬಾಯಲ್ಲಿ ಒಂದು ಮಾತು ಕಳಿಸುತ್ತಿದ್ದ. ಬಸ್ಸು ಮುಟ್ಟುವುದೇ ತಡ, ರೇಡಿಯೋಗಳೆಲ್ಲ ಜೋಳ ತುಂಬಿಡುವ ಗುಮ್ಮಿಗೆ, ಹೊಟ್ಟಿನ ಚೀಲಕ್ಕೆ ಇಳಿಯುತ್ತಿದ್ದವು. ಯಾರು ಕೇಳಿದರೂ ಇಲ್ಲ ಅನ್ನಿ, ಹಾಳೆ ಹಿಡಿದವನು ದೇವರೇ ಆಗಿರಲಿ ಇಲ್ಲ ಅನ್ನಿ ಎಂದು ಪಾಠ ಹೇಳಿಕೊಟ್ಟವನು ಅವನೇ. ಆ ಲೈಸೆನ್ಸು ಹೋಗಿ ಎಷ್ಟೋ ವರ್ಷವಾಗಿತ್ತು.

ಇಷ್ಟನ್ನು ಅವನು ನಾಗರತ್ನಳಿಗೆ ಹೇಳಿದ. ಇನ್ನೊಂದಿತ್ತು, ಅದನ್ನು ಹೇಳಲಿಲ್ಲ. ಲೈಸೆನ್ಸು ರದ್ದಾದ ತಿಂಗಳಲ್ಲೇ ಅವನಿಗೆ ಅದು ಗೊತ್ತಾಗಿತ್ತು. ಹಳ್ಳಿಯವರು ಹೌದೇನೋ ಎಂದು ಬಂದು ಕೇಳಿದರೆ, “ಇರ್ಲಿ, ಸ್ವಲ್ಪ ಹುಷಾರಾಗಿರ್ರಿ, ತಿರಗಿ ತಂದ್ರೂ ತಂದ್ರು” ಎಂದು ತೇಲಿಸಿ ಕಳಿಸಿದ್ದ. ಹೆದರಿಕೆ ಇದ್ದವರು ಗುರುತಿನವನ ಹತ್ತಿರ ಮಾತ್ರ ಬರುತ್ತಾರೆ, ದಾವಣಗೆರೆಯ ದೊಡ್ಡ ಅಂಗಡಿಗೆ ಹೋಗುವುದಿಲ್ಲ. ಸಣ್ಣ ಮಾತು, ದೊಡ್ಡ ಅನುಕೂಲ. ಹನ್ನೆರಡು ವರ್ಷ ನಡೆಯಿತು.

ಮಧ್ಯಾಹ್ನ ಊಟಕ್ಕೆ ಹೋದಾಗ ಹೆಂಡತಿ ಪೀರ್ ಬೀಗೆ ಎಲ್ಲ ಹೇಳಿದ. ಆಕೆ ರೊಟ್ಟಿ ಬಡಿಯುತ್ತಲೇ ಕೇಳಿ, ಗಂಟು ಹಾಕಿದವನೇ ಬಿಚ್ಚಬೇಕು, ಮೇಡಮ್ಮನ ಕೈಯಲ್ಲಿ ಅದು ಬಿಚ್ಚುವುದಿಲ್ಲ ಎಂದಳು. ನೂರಸಾಬ ಆಕೆಯ ಮೇಲೆ ರೇಗಿದ, ಅರ್ಧ ರೊಟ್ಟಿ ಬಿಟ್ಟು ಎದ್ದ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ ನಾಗರತ್ನಳ ಜೊತೆ ತೆಲಿಗಿ ಬಸ್ಸು ಹತ್ತಿದ.

ದಾರಿಯಲ್ಲಿ ಆಕೆ ಒಂದು ಉಪಾಯ ಹೇಳಿದಳು: ಇವತ್ತು ರಿಪೇರಿ ಬಿಟ್ಟಿ ಎಂದು ಸಾರಿದರೆ ರೇಡಿಯೋಗಳು ತಾವಾಗಿ ಹೊರಗೆ ಬರುತ್ತವಲ್ಲ? ನೂರಸಾಬ ಒಪ್ಪಲಿಲ್ಲ. ಒಂದು ಸುಳ್ಳಿನಿಂದ ಆದದ್ದನ್ನು ಇನ್ನೊಂದು ಸುಳ್ಳಿನಿಂದ ಎಣಿಸುವುದು ಬೇಡ ಎಂದ. ಹಾಳೆ ಚೀಲದಲ್ಲಿರಲಿ, ಯಾರ ಹೆಸರೂ ಬರೆಯಬಾರದು ಎಂದು ಮಾತು ತೆಗೆದುಕೊಂಡ.

ಅಷ್ಟು ಎಚ್ಚರ ವಹಿಸಿದವನಿಗೆ ತಾನು ಹೇಗೆ ಕಾಣುತ್ತಿದ್ದೇನೆಂದು ಹೊಳೆಯಲಿಲ್ಲ. ಹದಿನೈದು ದಿನದ ಹಿಂದೆ ಊರಿಗೆ ಹಾಳೆ ಹಿಡಿದವರು ಬಂದಿದ್ದರು. ಈಗ ಕನ್ನಡಕ ಹಾಕಿದ ಒಬ್ಬ ಆಫೀಸರಮ್ಮ, ಅವಳ ಹಿಂದೆ ಮುಖ ಗಂಟು ಹಾಕಿಕೊಂಡ ರೇಡಿಯೋ ನೂರಸಾಬ. ನೋಡಿದ ಊರಿಗೆ ಒಂದೇ ಅರ್ಥ: ಸಾಬ ಸಿಕ್ಕಿಬಿದ್ದಿದ್ದಾನೆ, ಗುರುತು ಹಿಡಿಸಲು ಎಳೆದುಕೊಂಡು ಬಂದಿದ್ದಾರೆ.

ಬೇವಿನ ಕಟ್ಟೆಯ ಮೇಲೆ ಕೂತಿದ್ದ ಎರ್ರೆಪ್ಪನಿಗೆ ನೂರಸಾಬ ನಮಸ್ಕಾರ ಎಂದ. ಎರ್ರೆಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ನಾಗರತ್ನಳ ಕಡೆ ತಿರುಗಿದ.

“ಯಾರ್ರೀ ಅಮ್ಮಾರೆ, ಈ ಸಾಬ್ರು? ಈ ಕಡೀಗೆ ನೋಡಿದಂಗಿಲ್ಲ.”

“ಲೇ ಎರ್ರೆಪ್ಪ, ನಾನೋ!”

“ನನ್ನ ಹೆಸರು ಯಾರೋ ಹೇಳಿರ್ಬೇಕು ಇವ್ರಿಗೆ” ಎಂದ ಎರ್ರೆಪ್ಪ ಕಟ್ಟೆಯವರಿಗೆಲ್ಲ. ಮೇಡಮ್ಮನ ಕಣ್ಣು ತಪ್ಪಿಸಿ ನೂರಸಾಬನಿಗೆ ಕಣ್ಣು ಹೊಡೆದ. ಹೆದರಬೇಡ, ನಾವಿದ್ದೇವೆ ಎನ್ನುವ ಹಾಗೆ.

ಕಟ್ಟೆಯ ಅಷ್ಟೂ ಮಂದಿ ನೂರಸಾಬನನ್ನು ಅಂದೇ ಮೊದಲು ಕಂಡವರಾದರು. ಒಬ್ಬ ಅವನ ಹೆಸರು ಕೇಳಿದ. ಒಬ್ಬ ಅತ್ತರು ಮಾರಲಿಕ್ಕೆ ಬಂದಿರೇನು ಎಂದ. ಎದುರು ಮನೆಯ ಚೌಡಕ್ಕ, ಅರವತ್ತೈದರ ಗಟ್ಟಿ ಮುದುಕಿ, ಇಪ್ಪತ್ತು ವರ್ಷದಿಂದ ಅವನು ಊರಿಗೆ ಬಂದಾಗಲೆಲ್ಲ ಮುದ್ದೆ ಇಕ್ಕಿದವಳು. ಆಕೆಯೂ ಹೊರಗೆ ಬಂದು ಒಂದು ತಂಬಿಗೆ ನೀರು ಕೊಟ್ಟು, “ಯಾವೂರಪ್ಪ ನಿಂದು? ಪಾಪ, ಬಿಸಲಾಗ ಬಂದೀದಿ” ಎಂದಳು.

ನೂರಸಾಬ ತಂಬಿಗೆ ತೆಗೆದುಕೊಂಡ. ಇಡೀ ಊರು ತನ್ನನ್ನು ಉಳಿಸಲು ಸುಳ್ಳು ಹೇಳುತ್ತಿದೆ. ಯಾವ ಭಯದಿಂದ ಉಳಿಸುತ್ತಿದೆಯೋ ಆ ಭಯ ಸಾಕಿದವನು ತಾನು. ತಂಬಿಗೆ ಕೆಳಗಿಟ್ಟು ಕಟ್ಟೆ ಹತ್ತಿ ನಿಂತ. ದನಿ ತಾನಾಗಿ ಏರಿತು.

“ಸಾಕು ಮಾಡ್ರಿ. ಯಾರೂ ನನ್ನ ಹಿಡದಿಲ್ಲ. ಲೈಸೆನ್ಸೂ ಇಲ್ಲ, ಇನ್ಸ್‌ಪೆಕ್ಟರೂ ಇಲ್ಲ. ಹೋಗಿ ಹನ್ನೆರಡು ವರ್ಷ ಆತು. ನಂಗ ಗೊತ್ತಿತ್ತು. ನೀವು ನನ್ನ ಬಿಟ್ಟು ಬ್ಯಾರೆ ಅಂಗಡಿಗೆ ಹೋಗಬಾರ್ದು ಅಂತ ಹೇಳ್ಲಿಲ್ಲ. ಇದು ನನ್ನ ತಪ್ಪು.”

ನೂರಸಾಬ ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಮೊದಲು ಬಂದದ್ದು ಚೌಡಕ್ಕನ ದನಿ.

“ಹನ್ನೆರಡು ವರ್ಷ! ಜ್ವಾಳದ ಗುಮ್ಮಿಯಾಗ ತಲಿ ಹಾಕಿ ವಾರ್ತಿ ಕೇಳೀನಲ್ಲೋ ನಾನು, ನಿನ್ನ ಬಾಯಿಗೆ ಮಣ್ಣು ಹಾಕ! ನನ್ನ ಸೊಸಿ ನಮ್ಮತ್ತಿ ತಲಿ ಕೆಟ್ಟೈತಿ ಅಂತ ತವರಿಗೆ ಹೇಳಿ ಕಳಿಸಿದ್ಲು.”

ಕಟ್ಟೆ ನಕ್ಕಿತು. ಎರ್ರೆಪ್ಪ ನಗಲಿಲ್ಲ. ಎದ್ದು ಬಂದು ನೂರಸಾಬನ ಮುಂದೆ ನಿಂತು, ತಾನೂ ತನ್ನ ಮಕ್ಕಳೂ ಎಷ್ಟು ಸಲ ಯಾವ ಯಾವ ಹೊಟ್ಟಿನ ಚೀಲ ಹೊತ್ತಿದ್ದೇವೆಂದು ಒಂದೊಂದಾಗಿ ಹೇಳಿ ಬೈದ. ಬೈದು ಮುಗಿದ ಮೇಲೆ ಕೇಳಿದ: “ಈಗಾದ್ರೂ ಯಾಕ ಹೇಳಿದಿ?”

ಸಂಜೆಯ ಕಾರ್ಯಕ್ರಮ ನಿಲ್ಲುವುದರಲ್ಲಿದೆ, ತೆಲಿಗಿಯಲ್ಲಿ ರೇಡಿಯೋನೇ ಇಲ್ಲವೆಂದು ಬರೆದುಕೊಂಡಿದ್ದಾರೆ ಎಂದು ನೂರಸಾಬ ಹೇಳಿದ. ಆಗ ನಿಜವಾಗಿ ಗದ್ದಲವೆದ್ದಿತು. ನಿಲ್ಲಿಸಲಿಕ್ಕೆ ಅವರ್ಯಾರು, ನಾವೇನು ಕೇಳುವುದಿಲ್ಲವೇ ಎಂದು ಹದಿನೈದು ದಿನದ ಹಿಂದೆ ಇಲ್ಲ ಎಂದವರೇ ನಾಗರತ್ನಳ ಮೇಲೆ ಬಿದ್ದರು. ಆಕೆ ಮೆಲ್ಲಗೆ, ನಾನು ಕೇಳಿದ ರೀತಿಯೇ ಸರಿಯಿರಲಿಲ್ಲ, ಇವತ್ತು ಏನೂ ಕೇಳುವುದಿಲ್ಲ, ಇದ್ದದ್ದನ್ನು ತೋರಿಸಿದರೆ ನೋಡಿಕೊಂಡು ಹೋಗುತ್ತೇನೆ ಎಂದಳು.

ರೇಡಿಯೋಗಳು ಬಂದವು. ಮೊದಲು ಚೌಡಕ್ಕನದು, ಜೋಳದ ಕಾಳು ಉದುರಿಸಿಕೊಂಡು. ಮದುವೆಯಲ್ಲಿ ಕೊಟ್ಟದ್ದು, ಅಂಗಿ ತೊಡಿಸಿ ಇಟ್ಟದ್ದು, ತಂತಿ ಸುತ್ತಿದ್ದು, ಮುಚ್ಚಳವೇ ಇಲ್ಲದ್ದು. ಹೊತ್ತು ಇಳಿಯುವಷ್ಟರಲ್ಲಿ ಆ ನೂರಿಪ್ಪತ್ತು ಮನೆಗಳಿಂದ ಕಟ್ಟೆಯ ಮೇಲೆ ಅರವತ್ತನಾಲ್ಕು ರೇಡಿಯೋ ಕೂತಿದ್ದವು. ಕಾರ್ಯಕ್ರಮದ ಹೊತ್ತಿಗೆ ಎಲ್ಲ ಒಟ್ಟಿಗೆ ಹಚ್ಚಿದರು. ಹುಳಕ್ಕೆ ಯಾವ ಔಷಧಿ ಎಂದು ರೇಡಿಯೋದವನು ಹೇಳಿದ್ದು ಆ ಗದ್ದಲದಲ್ಲಿ ಒಬ್ಬರಿಗೂ ತಿಳಿಯಲಿಲ್ಲ.

ನಾಗರತ್ನ ತಿಂಗಳ ಕೊನೆಗೆ ವರದಿ ಕೊಡಲಿಲ್ಲ, ಇನ್ನೂ ಎರಡು ತಿಂಗಳ ಅವಕಾಶ ಕೇಳಿಕೊಂಡಳು. ಚಿಗಟೇರಿ, ಹಿರೇಹಡಗಲಿಗೆ ತಾನೇ ಹೋಗಿ, ಹಾಳೆ ತೆಗೆಯದೆ ದಿನಗಟ್ಟಲೆ ಕೂತು ಬಂದಳು. ಅಲ್ಲೂ ಲೆಕ್ಕ ತಿರುಗಿತು. ಕಾರ್ಯಕ್ರಮ ಉಳಿಯಿತು; ಅರ್ಧ ಗಂಟೆ ಇದ್ದದ್ದು ಮುಕ್ಕಾಲು ಗಂಟೆಯಾಯಿತು. ಜನ ಇಲ್ಲ ಎಂದಾಗ ಯಾಕೆ ಇಲ್ಲ ಎನ್ನುತ್ತಾರೆ ಎಂಬುದನ್ನೇ ಹಿಡಿದು ಆಕೆ ಬರೆದ ಪ್ರಬಂಧವನ್ನು ದಿಲ್ಲಿಯ ಸಭೆಯಲ್ಲಿ ಓದಿದಳು, ಅವರ ವಿಭಾಗಕ್ಕೆ ಮನ್ನಣೆ ಬಂತು. ಅಚ್ಚಾದ ಪುಸ್ತಕ ಅಂಗಡಿಗೂ ಬಂತು. ಇಂಗ್ಲಿಷಿನಲ್ಲಿದ್ದ ಅದರ ಮೊದಲ ಪುಟದಲ್ಲಿದ್ದ ಅಪ್ಪನ ಹೆಸರನ್ನು ಮಗಳು ಅಸ್ಮಾ ಓದಿ ತೋರಿಸಿದಳು. ತಪ್ಪು ಒಪ್ಪಿಕೊಂಡದ್ದನ್ನೂ ಬರೆದಿದ್ದಾಳೋ ಎಂದು ನೂರಸಾಬ ಕೇಳಿದ. ಬರೆದಿದ್ದಾರೆ ಎಂದಳು ಅಸ್ಮಾ. ಬರೀಲಿ ಬಿಡು ಎಂದ.

ಐದಾರು ಗಿರಾಕಿಗಳು ದಾವಣಗೆರೆಗೆ ಹೋದದ್ದೂ ನಿಜ. ಉಳಿದವರು ರೇಡಿಯೋವನ್ನು ಚೀಲದಲ್ಲಿ ಅಡಗಿಸದೆ ಹೆಗಲ ಮೇಲಿಟ್ಟುಕೊಂಡೇ ಬರತೊಡಗಿದರು. ಅಡಗಿಸಿಟ್ಟ ರೇಡಿಯೋ ಕೆಡುವುದಕ್ಕಿಂತ ಹೊರಗೆ ತಿರುಗುವ ರೇಡಿಯೋ ಹೆಚ್ಚು ಕೆಡುತ್ತದೆ ಎನ್ನುವುದು ನೂರಸಾಬನಿಗೆ ಆಗ ತಿಳಿಯಿತು. ಎರಡು ಸಾವಿರದ ನಾಲ್ಕರವರೆಗೂ ಅವನಿಗೆ ಕೈತುಂಬ ಕೆಲಸವಿತ್ತು.

ಪ್ರತಿ ವರ್ಷ ಶ್ರಾವಣದಲ್ಲಿ ನಾಗರತ್ನಳ ವಿದ್ಯಾರ್ಥಿಗಳು ಅಂಗಡಿಗೆ ಬರುತ್ತಿದ್ದರು. ಕಿಸೆಯಲ್ಲಿ ಪೆನ್ನು ಕಂಡರೆ ನೂರಸಾಬ ಕಿತ್ತು ಡಬ್ಬಿಗೆ ಹಾಕಿ, ಮೊದಲ ದಿನ ಒಂದೂ ಪ್ರಶ್ನೆ ಕೇಳಕೂಡದು ಎಂದು ಗದರಿಸಿ ತೆಲಿಗಿ ಬಸ್ಸು ಹತ್ತಿಸುತ್ತಿದ್ದ. ಒಂದು ವರ್ಷ ನಾಲ್ವರು ಹುಡುಗಿಯರು ಸಂಜೆ ಮರಳಿ ಬಂದು, ಏನೂ ತಿಳಿಯಲಿಲ್ಲ ಎಂದು ಅಳುಮುಖ ಮಾಡಿಕೊಂಡು ನಿಂತರು. ಚೌಡಕ್ಕನ ಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ಉಂಡಿದ್ದರಂತೆ. ಅವರ ಊರು, ಅಪ್ಪನ ಕೆಲಸ, ಮದುವೆ ಯಾವಾಗ, ಇಷ್ಟು ಓದಿ ಏನು ಮಾಡುತ್ತೀರಿ, ಎಲ್ಲವನ್ನೂ ಚೌಡಕ್ಕ ಕೇಳಿ ತಿಳಿದುಕೊಂಡಳಂತೆ, ತಾನು ಮಾತ್ರ ಏನೂ ಹೇಳಲಿಲ್ಲವಂತೆ.

“ಹಂಗಾದ್ರ ಛಲೋ ಆತು” ಎಂದ ನೂರಸಾಬ, ಚಾ ತರಿಸುತ್ತ. “ಇವತ್ತು ಅಕಿ ಅಭ್ಯಾಸ ಮುಗೀತು. ನಾಳಿ ಹೋಗ್ರಿ, ನಿಮ್ದು ಸುರು ಆಗ್ತೈತಿ.”