ಹೂವಿನ ಛತ್ರಿ

ಗೆಳೆಯರೇ, ಇಂದು ಮಧ್ಯಾಹ್ನ ಹೆಂಡತಿಯ ಗುಲಾಬಿ ಹೂವಿನ ಛತ್ರಿ ಬಿಚ್ಚಿಕೊಂಡು ಸಿರುಗುಪ್ಪದ ಬಸ್ ನಿಲ್ದಾಣಕ್ಕೆ ಹೊರಟೆ. ನಮ್ಮ ಕಡೆ ಗಂಡಸರು ನೆತ್ತಿ ಸುಟ್ಟರೂ ಬಿಸಿಲಿಗೆ ಇಂಥ ಛತ್ರಿ ಹಿಡಿಯುವುದಿಲ್ಲ. ಹೆಚ್ಚೆಂದರೆ ತಲೆಗೊಂದು ಕರ್ಚೀಫು. ನಗುವವರಿಗೆ ಹೆದರಿ ನಾನೂ ಇಷ್ಟು ವರ್ಷ ಹಾಗೇ ಬೆಂದಿದ್ದೆ.

ಚಹಾ ಅಂಗಡಿಯ ನೆರಳಲ್ಲಿ ನಿಂತಿದ್ದ ನಾನು ಪಾಠ ಮಾಡುವ ಶಾಲೆಯ ಗುಮಾಸ್ತ ವೀರೇಶ ಕೂಗಿದ: "ಏನ್ ಸರ್, ಅಕ್ಕಾರ ಛತ್ರಿ ಹಿಡ್ಕೊಂಡು ಹೊಂಟೀರಲ್ಲ."

ಅಲ್ಲಿದ್ದವರೆಲ್ಲ ನಕ್ಕರು. ಮಡಚಲು ಕೈ ತಾನಾಗಿಯೇ ಮೇಲೆ ಹೋಯಿತು. ಮಡಚಲಿಲ್ಲ.

"ಹೌದಪ್ಪ. ಛತ್ರಿ ಆಕೀದು, ತಲಿ ನಂದು," ಎಂದೆ. ಅಷ್ಟೇ, ಎದೆ ಹಗುರಾಯಿತು.

ಸ್ವಲ್ಪ ದೂರ ಹೋಗಿರಬೇಕು, ವೀರೇಶ ಓಡಿಬಂದು ಛತ್ರಿಯೊಳಗೆ ತೂರಿದ. "ಚೂರು ಈ ಕಡಿ ಹಿಡೀರಿ ಸರ್, ನಾನೂ ಬಸ್ಸಿಗೇ ಹೊಂಟೀನಿ."

ನಿಲ್ದಾಣ ಮುಟ್ಟುವಷ್ಟರಲ್ಲಿ ನಕ್ಕವನು ಪೂರ್ತಿ ನೆರಳಲ್ಲಿದ್ದ, ನಾನು ಅರ್ಧ ಬಿಸಿಲಲ್ಲಿದ್ದೆ. ಇನ್ನು ದೊಡ್ಡದೊಂದು ಛತ್ರಿ ಕೊಳ್ಳಬೇಕು. ಹೂವಿನದೇ.