ಬಿಳಿ ಬಣ್ಣ ಬಳಿಸಿದ ಕೋಶಗಳು

ತೊಂಬತ್ತರ ದಶಕದಲ್ಲಿ ನಾನು ಸಿದ್ದಾಪುರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನಾನು ಸ್ಟಾಫ್ ರೂಮಿಗೆ ಹೋದರೆ ಅಲ್ಲಿನ ಮಾತು ನಿಲ್ಲುತ್ತಿತ್ತು. ಹಾಗಾಗಿ ಮಧ್ಯಾಹ್ನ ಲ್ಯಾಬಿನಲ್ಲೇ, ಗಾಜಿನ ಜಾಡಿಯಲ್ಲಿದ್ದ ಕಪ್ಪೆಯ ಎದುರು ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆ. ಕಪ್ಪೆಗೆ ನನ್ನ ಮೇಲೆ ಯಾವ ದೂರೂ ಇರಲಿಲ್ಲ.

ಲ್ಯಾಬಿನ ಅಟೆಂಡರ್ ಕೋಲಸಿರ್ಸಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಗದ್ದೆ ಮಾಡುವ ಮನೆಯವರು. ಚಿತ್ರ ಬರೆಯುವುದರಲ್ಲಿ ಒಳ್ಳೆಯ ಕೈ. ಗೋಡೆಯ ಚಾರ್ಟುಗಳೆಲ್ಲ ಅವರವೇ. ದಿನಾ ಊಟದ ಹೊತ್ತಿಗೆ ನನ್ನ ಮೇಜಿನ ಮೇಲೆ ಒಂದು ಚೊಂಬು ಮಜ್ಜಿಗೆ ಇಟ್ಟು ಹೋಗುತ್ತಿದ್ದರು. ಮೊದಲ ದಿನ ಎಲ್ಲಿಯದೆಂದು ಕೇಳಿದ್ದಕ್ಕೆ "ಹೋಟ್ಲಿಂದು ಮೇಡಮ್" ಅಂದಿದ್ದರು. ಎದುರಿನ ಹೋಟೆಲು ನಮ್ಮ ಜಾತಿಯವರದೇ. ನಾನು ಮತ್ತೆ ಕೇಳಲಿಲ್ಲ.

ಒಮ್ಮೆ ಮೆದುಳಿನ ಚಾರ್ಟು ಬರೆಯಲು ಹೇಳಿದೆ. ನರಕೋಶಗಳನ್ನು ಚೆಂದವಾಗಿಯೇ ಬರೆದಿದ್ದರು. ಆದರೆ ಅವುಗಳ ಸುತ್ತಲಿನ ಆಸರೆ ಕೋಶಗಳ ಒಳಗೂ ಹುರುಳಿಕಾಳಿನಂತೆ ಕೆಂಪು ಮೈಟೊಕಾಂಡ್ರಿಯ ತುಂಬಿಸಿಬಿಟ್ಟಿದ್ದರು! ಅವು ಕೋಶಕ್ಕೆ ಶಕ್ತಿ ಒದಗಿಸುವ ಒಲೆಗಳು. ಎಲ್ಲ ಕೋಶದಲ್ಲೂ ಇರುತ್ತವೆಂದು ನನಗೇನು ಗೊತ್ತಿರಲಿಲ್ಲವೇ? ಆದರೆ ಪಠ್ಯಪುಸ್ತಕದಲ್ಲಿ ಆಸರೆ ಕೋಶಕ್ಕೆ ಇದ್ದದ್ದು ಎರಡೇ ಸಾಲು: ಸಂದು ತುಂಬುತ್ತವೆ, ನರಕೋಶವನ್ನು ಹಿಡಿದಿಡುತ್ತವೆ, ಮುಗಿಯಿತು.

"ಇವಕ್ಕೆಲ್ಲ ಯಾಕೆ ಬರೆದಿರಿ? ಪರೀಕ್ಷೆಗೆ ಬರುವುದಿಲ್ಲ. ಅಳಿಸಿ" ಎಂದೆ.

"ಅಡುಗೆ ಮಾಡೋರ ಮನೇಲೂ ಒಲೆ ಉರೀಬೇಕಲ್ರಾ ಮೇಡಮ್?" ಎಂದರು ಮೆಲ್ಲಗೆ.

ಹುಡುಗರ ಎದುರೇ ರೇಗಿದೆ. ಅವರು ಒಂದೊಂದೇ ಕೋಶಕ್ಕೆ ಬಿಳಿ ಬಣ್ಣ ಬಳಿದರು. ಅದೇ ಸಿಟ್ಟಿನಲ್ಲಿ ಮಧ್ಯಾಹ್ನ ಮಜ್ಜಿಗೆ ಕುಡಿದು, "ಉಪ್ಪೋ ಉಪ್ಪು! ಆ ಹೋಟೆಲಿನವನಿಗೆ ಹೇಳಿ" ಎಂದು ಚೊಂಬು ಕುಕ್ಕಿದ್ದೂ ನೆನಪಿದೆ. ಮರುದಿನದಿಂದ ಉಪ್ಪು ಕಮ್ಮಿಯಾಯಿತು.

ಎರಡು ಸಾವಿರದ ಈಚೆಗೆ ನನಗೆ ಯಲ್ಲಾಪುರಕ್ಕೆ ವರ್ಗವಾಯಿತು. ಅಲ್ಲೂ ಒಂದು ಬಾಡಿಗೆ ಕೋಣೆ, ಒಂದು ತಟ್ಟೆ, ಒಂದು ಲೋಟ. ಮಜ್ಜಿಗೆ ಇಡುವವರು ಇರಲಿಲ್ಲ. ಹೋಟೆಲಿಗೆ ಹೇಳಿದರೂ ಆ ರುಚಿ ಬರಲಿಲ್ಲ. ಕೆಲವು ವರ್ಷಗಳ ನಂತರ ಶಿರಸಿಯಲ್ಲಿ ಅಧ್ಯಾಪಕರ ತರಬೇತಿ ನಡೆಯಿತು. ಬಂದ ಉಪನ್ಯಾಸಕಿ ಆಸರೆ ಕೋಶದ ಹೊಸ ಚಿತ್ರ ತೋರಿಸಿದಳು. ಅದರ ತೆಳ್ಳನೆಯ ತುದಿಗಳವರೆಗೂ ಮೈಟೊಕಾಂಡ್ರಿಯ! ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಜಾಗಕ್ಕೆ ತಾಗಿ ಕೂತು, ಅಲ್ಲಿ ಉಳಿದ ಕಸ ಬಳಿಯಲು, ನರಕೋಶಕ್ಕೆ ಆಹಾರ ಒದಗಿಸಲು ಆಸರೆ ಕೋಶ ದುಡಿಯುತ್ತದೆ. ಆ ಒಲೆ ಆರಿದರೆ ನರಕೋಶವೂ ಸೊರಗುತ್ತದೆ ಎಂದಳು.

ಸಿದ್ದಾಪುರದ ಆ ಅಟೆಂಡರ್ ಬಳಿ ತಪ್ಪೊಪ್ಪಿಕೊಳ್ಳದೆ ಇರಲಾರೆ ಅನ್ನಿಸಿತು. ಮುಂದಿನ ಭಾನುವಾರ ಬಸ್ಸು ಹತ್ತಿ ಕೋಲಸಿರ್ಸಿಗೆ ಹೋದೆ. ಅವರಿಗೆ ನಿವೃತ್ತಿಯಾಗಿತ್ತು, ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದನ್ನೆಲ್ಲ ಹೇಳಿದೆ. "ಯಾವ ಚಾರ್ಟು ಮೇಡಮ್? ಎಷ್ಟೋ ಬರ್ದೀನಪ್ಪ" ಎಂದು ನಕ್ಕರು. ನನ್ನ ಕ್ಷಮೆಗೆ ಕೂರಲು ಮಣೆಯೇ ಸಿಗಲಿಲ್ಲ.

ಅಷ್ಟರಲ್ಲಿ ಒಳಗಿಂದ ಅವರ ಹೆಂಡತಿ ಬಂದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. "ನೀವೇ ಅಲ್ರಾ, ಮಜ್ಜಿಗೆ ಮೇಡಮ್?"

"ಯಾವ ಮಜ್ಜಿಗೆ?" ಎಂದೆ.

"ಏಳು ವರ್ಷ ನಾನೇ ಕಡ್ದು ಕಳಿಸ್ದೆ. ಮೇಡಮ್ ಒಬ್ರೇ ಕೂತು ಉಣ್ತಾರೆ ಅಂತ ಇವರಿಗೆ ಸಂಕಟ. ನಮ್ಮನೇದು ಅಂದ್ರೆ ನೀವು ಕುಡಿಯೂದಿಲ್ಲ ಅಂತ ಹೆದರಿಕೆ ಬೇರೆ."

"ಸುಮ್ನಿರೇ" ಎಂದರು ಅವರು ಬುಟ್ಟಿಯಿಂದ ಕಣ್ಣೆತ್ತದೆ.

ಅಂದೇ ಗೊತ್ತಾಗಿದ್ದರೆ ಕುಡಿಯುತ್ತಿದ್ದೆನೇ? ಇಲ್ಲ. ಚೊಂಬನ್ನು ಪಕ್ಕಕ್ಕೆ ಸರಿಸಿ ಒಣ ಅನ್ನ ನುಂಗುತ್ತಿದ್ದೆ. ಅದು ಇಬ್ಬರಿಗೂ ಗೊತ್ತಿತ್ತು, ಗೊತ್ತಿದ್ದೂ ಕಳಿಸಿದ್ದರು. ಯಾರೂ ಇಲ್ಲವೆಂದು ಆ ಏಳು ವರ್ಷ ನನಗಾಗಿ ನಾನೇ ಮರುಗಿದ್ದು ನೆನೆದು ನಾಚಿಕೆಯಾಯಿತು, ಅಳುವೂ ಬಂತು.

ಅವರ ಹೆಂಡತಿ ಮಜ್ಜಿಗೆಯ ಲೋಟ ತಂದು ಕೈಗಿಟ್ಟರು. "ಉಪ್ಪು ಕಮ್ಮಿ ಹಾಕಿದೀನಿ. ನಂಗೆ ನೆನಪದೆ."

ಒಂದೇ ಗುಟುಕಿಗೆ ಕುಡಿದು ಲೋಟ ಮುಂದೆ ಚಾಚಿದೆ. "ಇನ್ನೊಂದು ಕೊಡಿ. ಉಪ್ಪು ಮೊದಲಿನಷ್ಟೇ ಇರಲಿ."